ಮಳೆಗಾಲಕ್ಕೊಂದು ಅಪ್‌ರೈಟ್ ಪಿಯಾನೋ: ಯಾವ ಪ್ಲಗಿನ್ ಯಾರಿಗೆ ಸರಿ?

ಕಕ್ಕಡದ ಮಳೆ ಹಿಡಿಯಿತು ಅಂದರೆ ಮಡಿಕೇರಿಯ ನಮ್ಮ ಮನೆಯಲ್ಲಿ ಮೈಕ್ ಡಬ್ಬದಿಂದ ಹೊರಗೆ ಬರುವುದೇ ಅಪರೂಪ. ಶೀಟಿನ ಮೇಲೆ ಬೀಳುವ ಮಳೆಯ ಸದ್ದು ಯಾವ ಕೋಣೆಗೆ ಹೋದರೂ ಬಿಡುವುದಿಲ್ಲ. ಹಾಡುವವರನ್ನಾದರೆ ಮಳೆ ಸ್ವಲ್ಪ ಹೊಳವಾದಾಗ ಕರೆಸಿ ಹಾಡಿಸಬಹುದು. ಪಿಯಾನೋ ಮಾತ್ರ ಕಂಪ್ಯೂಟರ್ ಒಳಗಿಂದಲೇ ಬರಬೇಕು, ಅಂದರೆ ಪ್ಲಗಿನ್, ಮ್ಯೂಸಿಕ್ ಸಾಫ್ಟ್‌ವೇರಿಗೆ ಸೇರಿಸಿಕೊಂಡು ನುಡಿಸುವ ಪಿಯಾನೋ.

ಮೊನ್ನೆ ಗೋಣಿಕೊಪ್ಪದಿಂದ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. ಮದುವೆ ವಿಡಿಯೋಗಳಿಗೆ, ಹೋಂಸ್ಟೇಗಳ ರೀಲ್ಸ್‌ಗೆ ಮ್ಯೂಸಿಕ್ ಮಾಡಿಕೊಡುತ್ತಾನೆ.

"ಅಣ್ಣಾ, ಈ ಹಾಡಿಗೆ ಪಿಯಾನೋ ಕೂರ್ತಾನೇ ಇಲ್ಲ. ಎಷ್ಟು ಸೌಂಡ್ ಇಳಿಸಿದ್ರೂ ಅಕ್ಕನ ದನಿ ಮುಚ್ಚಿಹೋಗ್ತದೆ."

"ಯಾವ ಪಿಯಾನೋ ಹಾಕಿದ್ದೀಯ?"

"ಕನ್ಸರ್ಟ್ ಗ್ರ್ಯಾಂಡ್. ಒಂಬತ್ತಡಿ ಉದ್ದದ್ದಂತೆ."

"ಅಪ್‌ರೈಟ್ ಹಾಕಿ ನೋಡು."

"ಅದು ಚಿಕ್ಕದಲ್ವಾ ಅಣ್ಣಾ?"

ಚಿಕ್ಕದು ಅಂತಲೇ ಹಾಕಬೇಕು. ಅವನಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಗ್ರ್ಯಾಂಡ್ ಪಿಯಾನೋದಲ್ಲಿ ತಂತಿಗಳು ಮಲಗಿರುತ್ತವೆ. ಸುತ್ತಿಗೆ ಕೆಳಗಿನಿಂದ ಮೇಲಕ್ಕೆ ಹೊಡೆದು ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಅಪ್‌ರೈಟ್‌ನಲ್ಲಿ ತಂತಿಗಳು ನಿಂತಿರುತ್ತವೆ. ಸುತ್ತಿಗೆ ಎದುರಿನಿಂದ ಬಂದು ಹೊಡೆಯುತ್ತದೆ, ಅದನ್ನು ಹಿಂದಕ್ಕೆ ಕರೆದುಕೊಳ್ಳಲು ಸ್ಪ್ರಿಂಗ್ ಬೇಕು. ಹಿಂಬದಿಯ ಮರದ ಹಲಗೆ ಸಾಮಾನ್ಯವಾಗಿ ಗೋಡೆಗೆ ಮುಖ ಮಾಡಿರುತ್ತದೆ. ಕೆಳಗಿನ ಸ್ವರಗಳ ತಂತಿ ಗಿಡ್ಡ, ಹಾಗಾಗಿ ಬಾಸ್‌ನಲ್ಲಿ ಗುಡುಗು ಕಡಿಮೆ, ಮರದ ಸದ್ದು ಜಾಸ್ತಿ. ನುಡಿಸುವವರ ಮೂಗಿನ ಎದುರೇ ತಂತಿ ಇರುವುದರಿಂದ ಸುತ್ತಿಗೆಯ ಟಕ್, ಕೀಯ ಕಟಕಟ, ಪೆಡಲಿನ ಕಿರ್ ಎಲ್ಲವೂ ಕೇಳುತ್ತದೆ. ಸಭಾಂಗಣದ ಗತ್ತು ಇರುವುದಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಕೂತು ನುಡಿಸುತ್ತಿರುವ ಹಾಗಿರುತ್ತದೆ. ಹಾಡುವವರ ದನಿಗೆ ಜಾಗ ಸಿಗುವುದು ಇದರಿಂದಲೇ.

ನಿಜವಾದದ್ದನ್ನೇ ತಂದು ಇಟ್ಟುಕೊಂಡರೆ ಆಗದೇ ಅಂತ ಕೇಳುವವರಿದ್ದಾರೆ. ಸಿದ್ದಾಪುರದ ಕಡೆ ಒಂದು ಎಸ್ಟೇಟ್ ಬಂಗಲೆಯಲ್ಲಿ ದೊರೆಗಳ ಕಾಲದ ಅಪ್‌ರೈಟ್ ಒಂದನ್ನು ಮುಟ್ಟಿ ನೋಡಿದ್ದೇನೆ. ಜುಲೈ ತಿಂಗಳು. ಮಧ್ಯದ ಆಕ್ಟೇವ್‌ನಲ್ಲಿ ನಾಲ್ಕು ಕೀ ಒತ್ತಿದರೆ ಒತ್ತಿದಲ್ಲೇ ಕೂತವು, ಬೆರಳಿನಿಂದ ಎತ್ತಬೇಕಾಯಿತು. ಒಳಗಿನ ಫೆಲ್ಟ್ ಮೇಲೆ ಬೂಸ್ಟು. ನಮ್ಮ ಥಂಡಿಗೆ ಮರ ಉಬ್ಬುತ್ತದೆ, ಬೇಸಿಗೆಗೆ ಒಣಗುತ್ತದೆ, ಎರಡು ಸಲವೂ ಶ್ರುತಿ ಜಾರುತ್ತದೆ. ಪಿಯಾನೋದಲ್ಲಿ ಸುಮಾರು 230 ತಂತಿ ಇರುತ್ತವೆ. ಅಷ್ಟನ್ನೂ ಶ್ರುತಿ ಮಾಡುವವರು ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಬರಬೇಕು. ದುಡ್ಡು ಇದ್ದವರು ಇಡಲಿ, ನಾನಂತೂ ಪ್ಲಗಿನ್ ಪಾರ್ಟಿ.

ಕೊಳ್ಳುವ ಮೊದಲು ಕಿವಿಗೆ ಪರೀಕ್ಷೆ

ಹೆಚ್ಚಿನವರು ಡೆಮೋ ಕೇಳಿ ಮರುಳಾಗುತ್ತಾರೆ. ಕಂಪನಿಯ ಡೆಮೋದಲ್ಲಿ ನುಡಿಸುವವರು ಪಳಗಿದ ಕೈಯವರು, ಮೇಲೆ ಒಂದು ಬಕೆಟ್ ರಿವರ್ಬ್, ಅಂದರೆ ಸಭಾಂಗಣದ ಮಾರ್ದನಿ, ಸುರಿದಿರುತ್ತಾರೆ. ನಾನು ಮಾಡುವುದು ಬೇರೆ. ನನ್ನ ಬಳಿ ಒಂದೇ ಒಂದು ಮಿಡಿ ಫೈಲ್ ಇದೆ, ಒಂದು ನಿಮಿಷದ್ದು. ಮಿಡಿ ಅಂದರೆ ಯಾವ ಸ್ವರ, ಯಾವಾಗ, ಎಷ್ಟು ಜೋರು ಅಂತ ಬರೆದಿಟ್ಟ ಪಟ್ಟಿ, ಅದರಲ್ಲಿ ದನಿ ಇರುವುದಿಲ್ಲ. ಯಾವ ಪಿಯಾನೋ ಬಂದರೂ ಮೊದಲು ರಿವರ್ಬ್ ಆಫ್, ಆಮೇಲೆ ಆ ಫೈಲ್.

ಅದರಲ್ಲಿ ಮೊದಲು ಬರುವುದು ಮಧ್ಯದ ಸಿ ಸ್ವರ, ಮೆತ್ತಗೆ, ಎಂಟು ಸಲ. ಎಂಟೂ ಸಲ ಅಚ್ಚು ಹೊಡೆದ ಹಾಗೆ ಒಂದೇ ಥರ ಕೇಳಿದರೆ ಆ ಪಿಯಾನೋದಲ್ಲಿ ಪ್ರತಿ ಸ್ವರಕ್ಕೂ ಒಂದೇ ರೆಕಾರ್ಡಿಂಗ್ ಇದೆ ಅಂತ ಅರ್ಥ. ಒಂದೇ ಸ್ವರವನ್ನು ಎರಡು ಮೂರು ಸಲ ರೆಕಾರ್ಡ್ ಮಾಡಿ ಸರದಿಯಲ್ಲಿ ಕೊಡುವ ಪದ್ಧತಿಗೆ ರೌಂಡ್ ರಾಬಿನ್ ಅನ್ನುತ್ತಾರೆ. ಅಪ್‌ರೈಟ್‌ನಲ್ಲಿ ಸುತ್ತಿಗೆಯ ಸದ್ದು ಎದ್ದು ಕಾಣುವುದರಿಂದ ಇದರ ಕೊರತೆ ಬೇಗ ಗೊತ್ತಾಗುತ್ತದೆ.

ಆಮೇಲೆ ಅದೇ ಸಿ, ವೆಲಾಸಿಟಿ 10ರಿಂದ 120ರವರೆಗೆ ಮೆಲ್ಲಗೆ ಏರುತ್ತಾ ಹೋಗುತ್ತದೆ. ಮಿಡಿಯಲ್ಲಿ ವೆಲಾಸಿಟಿ 127ರವರೆಗೆ ಇರುತ್ತದೆ, ಅಂದರೆ ಎಷ್ಟು ಜೋರಾಗಿ ಒತ್ತಿದಿರಿ ಅನ್ನುವ ಲೆಕ್ಕ. ಒಳ್ಳೆ ಪಿಯಾನೋದಲ್ಲಿ ದನಿ ಮೆತ್ತಗಿನಿಂದ ಗಟ್ಟಿಗೆ ಇಳಿಜಾರು ಹತ್ತಿದ ಹಾಗೆ ಹೋಗುತ್ತದೆ. ಮೆತ್ತಗೆ, ಜೋರು ಅಂತ ಬೇರೆ ಬೇರೆ ರೆಕಾರ್ಡ್ ಮಾಡಿದ ಪದರಗಳು ಕಡಿಮೆ ಇರುವುದರಲ್ಲಿ ಮೆಟ್ಟಿಲು ಹತ್ತಿದ ಹಾಗೆ. 60ರಲ್ಲಿ ಮೆತ್ತಗಿದ್ದದ್ದು 64ಕ್ಕೆ ಏಕ್‌ದಂ ಬಿರುಸು. ಹಾಡಿನ ನಡುವೆ ಒಂದು ಸ್ವರ ಮಾತ್ರ ಸುಮ್ಸುಮ್ನೆ ಕುಕ್ಕಿದ ಹಾಗೆ ಕೇಳುತ್ತದಲ್ಲ, ಅದು ಬಹಳ ಸಲ ನಿಮ್ಮ ಬೆರಳಿನ ತಪ್ಪಲ್ಲ, ಈ ಮೆಟ್ಟಿಲಿನದು.

ಮೂರನೆಯದು ಪೆಡಲ್ ಒತ್ತಿ ಒಂದು ಕಾರ್ಡ್ (ಒಟ್ಟಿಗೆ ಒತ್ತಿದ ಮೂರು ನಾಲ್ಕು ಸ್ವರ), ಮೆಲ್ಲಗೆ ಬಿಡುವುದು. ತಂತಿಯ ನಡುಕ ನಿಲ್ಲಿಸುವ ಡ್ಯಾಂಪರ್ ಅದರ ಮೇಲೆ ಕೂರುವ ಸದ್ದು ಬರುತ್ತದೆಯೇ, ಇಲ್ಲ ವಾಲ್ಯೂಮ್ ಇಳಿಸಿದ ಹಾಗೆ ಕರಗುತ್ತದೆಯೇ ಕೇಳಿ. ಆ ಸದ್ದನ್ನು ಹೆಚ್ಚು ಕಡಿಮೆ ಮಾಡುವ ಸ್ಲೈಡರ್ ಇದ್ದರೆ ಇನ್ನೂ ಒಳ್ಳೆಯದು. ಬರೀ ಪಿಯಾನೋ ಇರುವ ತುಣುಕಿಗೆ ಅದನ್ನು ಏರಿಸಿ. ಡ್ರಮ್ಸ್, ಗಿಟಾರ್ ಇರುವ ಹಾಡಿನಲ್ಲಿ ಅದು ಬರೀ ಕಸ.

ಕೊನೆಯದೇ ನಿಜವಾದ ಪರೀಕ್ಷೆ. ನೀವು ಈಗಾಗಲೇ ರೆಕಾರ್ಡ್ ಮಾಡಿಟ್ಟ ಒಂದು ದನಿಯ ಕೆಳಗೆ ಪಿಯಾನೋ ಹಾಕಿ. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಇಳಿಸಿ. ಅಲ್ಲಿಯೂ ಕಾರ್ಡ್ ಯಾವುದು ಅಂತ ತಿಳಿದರೆ ಆ ಪಿಯಾನೋ ಪಾಸು. ಬರೀ ಗುಂಯ್ ಅಂತ ಉಳಿದರೆ ಎಷ್ಟೇ ಬೆಲೆಯದಾದರೂ ಆ ಹಾಡಿಗೆ ಬೇಡ. ಒಂದು ಮಾತು ಮರೆಯಬೇಡಿ. ಎರಡು ಪಿಯಾನೋ ಹೋಲಿಸುವಾಗ ಎರಡರ ಸೌಂಡೂ ಸಮ ಇರಲಿ. ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಯಾವತ್ತೂ ಮೋಸ ಹೋಗುತ್ತದೆ.

ಮೆತ್ತನೆ ದನಿಯವು

ಬಹಳಷ್ಟು ಅಪ್‌ರೈಟ್‌ಗಳಲ್ಲಿ ನಡುವಿನ ಪೆಡಲ್ ಒತ್ತಿದರೆ ಸುತ್ತಿಗೆಗೂ ತಂತಿಗೂ ನಡುವೆ ಒಂದು ಫೆಲ್ಟ್ ಪಟ್ಟಿ ಇಳಿಯುತ್ತದೆ. ಪಕ್ಕದ ಮನೆಯವರಿಗೆ ಕಿರಿಕಿರಿ ಆಗದಿರಲಿ ಅಂತ ಮಾಡಿದ ಏರ್ಪಾಡು ಅದು. ಜರ್ಮನಿಯ ಪಿಯಾನೋ ಕಲಾವಿದ ನಿಲ್ಸ್ ಫ್ರಾಮ್ ರಾತ್ರಿ ಹೊತ್ತು ಹಾಗೇ ನುಡಿಸಿ, ಮೈಕನ್ನು ತಂತಿಯ ಹತ್ತಿರಕ್ಕೆ ಇಟ್ಟು ರೆಕಾರ್ಡ್ ಮಾಡಿದರು. ಆ ದನಿ ಎಷ್ಟು ಹರಡಿತು ಅಂದರೆ ಈಗ ಮಂಜಿನ ಡ್ರೋನ್ ಶಾಟ್ ಬಂತು ಅಂದರೆ ಹಿಂದೆ ಫೆಲ್ಟ್ ಪಿಯಾನೋ ಬಂದೇ ಬರುತ್ತದೆ. ರಾಜಾಸೀಟಿನ ರೀಲ್ಸ್ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಈ ಸಾಲಿನಲ್ಲಿ ಮೊದಲು ಹಾಕಬೇಕಾದದ್ದು ಸ್ಪಿಟ್‌ಫೈರ್‌ನ ಲ್ಯಾಬ್ಸ್ ಸಾಫ್ಟ್ ಪಿಯಾನೋ. ಪುಕ್ಕಟೆ. ತಿರುಗಿಸಲು ಹೆಚ್ಚೇನೂ ಇಲ್ಲ, ಹಾಗಾಗಿ ಕೆಡಿಸಲೂ ಹೆಚ್ಚೇನೂ ಇಲ್ಲ. ಒಬ್ಬರ ದನಿ, ಒಂದು ಪಿಯಾನೋ, ಅಷ್ಟೇ ಇರುವ ಭಾವಗೀತೆಗೆ ಇದು ಸಾಕು ಅಂತಲೇ ನನ್ನ ಅಭಿಪ್ರಾಯ. ಆದರೆ ಜೋರಾಗಿ ನುಡಿಸಿ ನೋಡಿ, ಅದು ಮೇಲೇಳುವುದಿಲ್ಲ. ಅದೇ ಕಂಪನಿಯ ಒರಿಜಿನಲ್ಸ್ ಸಾಲಿನಲ್ಲಿ ಫೆಲ್ಟ್ ಪಿಯಾನೋ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು, ಆದರೆ ದುಬಾರಿಯೇನಲ್ಲ. ಅದರಲ್ಲಿ ಮೈಕ್‌ಗಳನ್ನು ಆರಿಸಿಕೊಳ್ಳುವ ಅನುಕೂಲ ಇದೆ.

ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಊನಾ ಕೋರ್ಡಾ 2015ರದ್ದು. ಇದರ ಕಥೆ ಬೇರೆ. ಮಾಮೂಲಿ ಪಿಯಾನೋದಲ್ಲಿ ಮಧ್ಯದ, ಮೇಲಿನ ಸ್ವರಗಳಿಗೆ ಮೂರು ಮೂರು ತಂತಿ ಇರುತ್ತದೆ. ಡೇವಿಡ್ ಕ್ಲಾವಿನ್ಸ್ ಅನ್ನುವವರು ನಿಲ್ಸ್ ಫ್ರಾಮ್‌ಗಾಗಿ ಪ್ರತಿ ಕೀಗೂ ಒಂದೇ ತಂತಿ ಇರುವ ಪಿಯಾನೋ ಕಟ್ಟಿದರು. ಅದನ್ನೇ ಬರಿ ತಂತಿ, ಫೆಲ್ಟ್, ಹತ್ತಿ ಬಟ್ಟೆ ಅಂತ ಮೂರು ಥರ ರೆಕಾರ್ಡ್ ಮಾಡಿ ಪ್ಲಗಿನ್ ಮಾಡಿದ್ದಾರೆ. ಮೂರು ತಂತಿಯ ಅಲೆ ಇಲ್ಲದ್ದರಿಂದ ದನಿ ತೆಳ್ಳಗೆ, ನೇರ. ವೀಣೆ, ಕೊಳಲು, ಸಿತಾರ್ ಜೊತೆ ಇದು ಜಗಳ ಆಡುವುದು ಕಡಿಮೆ. ಹಿನ್ನೆಲೆ ಸಂಗೀತ ಮಾಡುವವರಿಗೆ ನಾನು ದುಡ್ಡು ಹಾಕಲು ಹೇಳುವ ಮೊದಲ ಪಿಯಾನೋ ಇದು. ಹಾಡಿಗೆ ಕಾರ್ಡ್ ಹಿಡಿಯುವವರಿಗೆ ಬೇಡ, ಸಪ್ಪೆ ಅನ್ನಿಸುತ್ತದೆ.

ಇಲ್ಲೊಂದು ಎಚ್ಚರಿಕೆ. ದುಡಿ, ಅಂದರೆ ನಮ್ಮ ಕೊಡಗಿನ ಪುಟ್ಟ ಚರ್ಮವಾದ್ಯ, ಇರುವ ಹಾಡಿಗೆ ಫೆಲ್ಟ್ ಪಿಯಾನೋ ಹಾಕಬೇಡಿ. ಪುತ್ತರಿ ಹಬ್ಬದ ಹೊತ್ತಿಗೆ ಒಬ್ಬರಿಗೆ ದುಡಿಯ ತಾಳಕ್ಕೆ ಪಿಯಾನೋ ಸೇರಿಸಿ ಒಂದು ತುಣುಕು ಮಾಡುತ್ತಿದ್ದೆ. ದುಡಿಯ ಪೆಟ್ಟು ಚೂಪು. ಫೆಲ್ಟ್‌ನ ಮೊದಲ ಪೆಟ್ಟು ಮೊಂಡು. ಎರಡೂ ಒಟ್ಟಿಗೆ ಬಂದಾಗ ಪಿಯಾನೋ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ. ತಾಳ ತಪ್ಪಿದ ಹಾಗೆ ಕೇಳುತ್ತಿತ್ತು. ಎರಡು ಸಂಜೆ ಈಕ್ಯೂ (ದನಿಯ ದಪ್ಪ, ಚೂಪು ಹೆಚ್ಚು ಕಡಿಮೆ ಮಾಡುವ ಗುಂಡಿ) ತಿರುಗಿಸಿ ತಿರುಗಿಸಿ ಸಾಕಾಯಿತು. ಕೊನೆಗೆ ಫೆಲ್ಟ್ ಇಲ್ಲದ ಬೇರೆ ಅಪ್‌ರೈಟ್ ಹಾಕಿದೆ, ಐದು ನಿಮಿಷದಲ್ಲಿ ಸರಿಹೋಯಿತು.

ಶುಭ್ರವಾದವು, ಮುದುಕರು, ಭಾರಿಗಳು

ಆ ಬೇರೆ ಅಪ್‌ರೈಟ್ ಯಾವುದು ಅಂದರೆ ಎಕ್ಸ್‌ಎಲ್‌ಎನ್ ಆಡಿಯೋದ ಅಡಿಕ್ಟಿವ್ ಕೀಸ್ ಮಾಡರ್ನ್ ಅಪ್‌ರೈಟ್. ಒಳಗಿರುವುದು ಯಮಾಹಾ ಯು3, ಶಾಲೆ, ಚರ್ಚುಗಳಲ್ಲಿ ಬಹಳ ಕಾಣುವ ಗಟ್ಟಿ ಪಿಯಾನೋ. ಹೊಳಪಿನ ದನಿ, ಪೆಟ್ಟು ಸ್ಪಷ್ಟ. ಹತ್ತಿರದ ಮೈಕ್, ದೂರದ ಮೈಕ್ ಬೆರೆಸಿಕೊಳ್ಳಬಹುದು. ಹಳೆ ಲ್ಯಾಪ್‌ಟಾಪಿನಲ್ಲೂ ಹಗುರವಾಗಿ ಓಡುತ್ತದೆ. ಸಿನಿಮಾ ಥರದ ಹಾಡು, ಭಕ್ತಿಗೀತೆ, ಕ್ವಾಯರ್, ಇವಕ್ಕೆಲ್ಲ ಇದು ಹೊಂದುತ್ತದೆ. ಇದಕ್ಕೆ ಒಂದು ಮನೆಯ ವಾಸನೆ ಅಂತ ಇಲ್ಲ, ಎಲ್ಲರ ಮನೆಗೂ ಹೋಗುವ ನೆಂಟನ ಹಾಗೆ. ಅದು ಕೊರತೆಯೋ ಅನುಕೂಲವೋ ನೀವೇ ಹೇಳಬೇಕು. ನನಗೆ ಕೆಲಸದ ದಿನ ಅನುಕೂಲ, ನನ್ನದೇ ಹಾಡು ಮಾಡುವ ದಿನ ಕೊರತೆ.

ಮುದುಕ ಬೇಕಾದರೆ ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ದಿ ಜಂಟಲ್‌ಮನ್, 1908ರ ಅಪ್‌ರೈಟ್. ಸ್ವಲ್ಪ ಕಂದು ಬಣ್ಣದ ದನಿ ಅಂತೀನಿ ನಾನು. ಟೂನ್‌ಟ್ರ್ಯಾಕ್‌ನ ಈಝಡ್‌ಕೀಸ್ ಸಾಲಿನಲ್ಲಿರುವ ಅಪ್‌ರೈಟ್ ಸ್ವೀಡನ್ನಿನ ಓಸ್ಟ್‌ಲಿಂಡ್ ಅಂಡ್ ಆಲ್ಮ್‌ಕ್ವಿಸ್ಟ್ ಪಿಯಾನೋ. ಅದರ ದೊಡ್ಡ ಅನುಕೂಲ ದನಿಯಲ್ಲಿಲ್ಲ. ಕಾರ್ಡ್ ಆರಿಸಿಕೊಟ್ಟರೆ ನುಡಿಸುವ ರೀತಿಯನ್ನೂ ಅದೇ ಕೊಡುತ್ತದೆ, ಎಳೆದು ಹಾಕಿಕೊಳ್ಳಬಹುದು. ಕೀಬೋರ್ಡ್ ಕೈ ಬಾರದ ಗಿಟಾರ್‌ನವರು, ಹಾಡು ಬರೆಯುವವರು ಬೇರೆ ಎಲ್ಲ ಬಿಟ್ಟು ಇದನ್ನು ನೋಡಲಿ. ಸಿಂಥಾಜಿಯ ಐವರಿ ಅಪ್‌ರೈಟ್ ಸಂಗ್ರಹದಲ್ಲಿ ಯಮಾಹಾ ಯು5 ಜೊತೆಗೆ ಸುತ್ತಿಗೆಗೆ ಮೊಳೆ ಚುಚ್ಚಿದ ಟ್ಯಾಕ್ ಪಿಯಾನೋ ಕೂಡ ಇದೆ, ಹಳೆ ಕೌಬಾಯ್ ಸಿನಿಮಾದ ಸಾರಾಯಿ ಅಂಗಡಿಯ ಟಣಟಣ ದನಿ. ಕಾಮಿಡಿ ರೀಲಿಗೆ ವರ್ಷಕ್ಕೊಮ್ಮೆ ಬೇಕಾಗುತ್ತದೆ. ಅದಕ್ಕಂತಲೇ ದುಡ್ಡು ಕೊಡಬೇಡಿ.

ಇನ್ನು ಸ್ಪೆಕ್ಟ್ರಾಸಾನಿಕ್ಸ್‌ನ ಕೀಸ್ಕೇಪ್. 2016ರದ್ದು, ಗಾತ್ರ 77 ಜಿಬಿ. ಅದರೊಳಗಿನ ವಿಂಗ್ ಅಪ್‌ರೈಟ್ ನನಗೆ ತುಂಬಾ ಇಷ್ಟ. ಆದರೆ ಬರೀ ಅಪ್‌ರೈಟ್‌ಗಾಗಿ ಕೀಸ್ಕೇಪ್ ಕೊಳ್ಳುವುದು ಒಂದು ಏಲಕ್ಕಿಗಾಗಿ ತೋಟ ಕೊಂಡ ಹಾಗೆ. ಎಲೆಕ್ಟ್ರಿಕ್ ಪಿಯಾನೋಗಳು, ಕ್ಲಾವಿನೆಟ್, ಗ್ರ್ಯಾಂಡ್ ಎಲ್ಲ ಬೇಕು ಅನ್ನುವವರಿಗೆ ಸರಿ.

ಪುಕ್ಕಟೆ ಸಿಗುವುದರಲ್ಲಿ ಇನ್ನೂ ಎರಡು ದಾರಿ ಇವೆ. ಫ್ರೀಪ್ಯಾಟ್ಸ್ ಅನ್ನುವ ತಾಣದಲ್ಲಿ ಒಂದು ಕವಾಯ್ ಅಪ್‌ರೈಟ್ ಇದೆ. ಸ್ಫೋರ್ಝಾಂಡೋ ಅನ್ನುವ ಪುಕ್ಕಟೆ ಪ್ಲೇಯರಿಗೆ ಹಾಕಿದರೆ ನುಡಿಯುತ್ತದೆ. ಪಿಯಾನೋಬುಕ್ ಅನ್ನುವ ಇನ್ನೊಂದು ತಾಣದಲ್ಲಿ ಜನ ತಮ್ಮ ತಮ್ಮ ಮನೆಯ, ಶಾಲೆಯ, ಚರ್ಚಿನ ಪಿಯಾನೋಗಳನ್ನು ರೆಕಾರ್ಡ್ ಮಾಡಿ ಹಂಚಿಕೊಂಡಿದ್ದಾರೆ. ಶ್ರುತಿ ತಪ್ಪಿದ್ದು, ಕುರ್ಚಿ ಕಿರುಗುಟ್ಟಿದ್ದು ಎಲ್ಲ ಸಿಗುತ್ತದೆ. ಅವುಗಳಲ್ಲಿ ಬಹಳಷ್ಟಕ್ಕೆ ಡಿಸೆಂಟ್ ಸ್ಯಾಂಪ್ಲರ್ ಅನ್ನುವ ಪುಕ್ಕಟೆ ಪ್ಲೇಯರ್ ಸಾಕು. ಕೆಲವಕ್ಕೆ ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಕಾಂಟ್ಯಾಕ್ಟ್ ಅನ್ನುವ ಪ್ಲೇಯರಿನ ದುಡ್ಡು ಕೊಟ್ಟು ಕೊಳ್ಳುವ ಪೂರ್ತಿ ಆವೃತ್ತಿ ಬೇಕು. ಕಾಂಟ್ಯಾಕ್ಟ್ ಪ್ಲೇಯರ್ ಅಂತ ಪುಕ್ಕಟೆ ಸಿಗುತ್ತದಲ್ಲ, ಅದರಲ್ಲಿ ಅಂಥವನ್ನು ತೆರೆದರೆ 15 ನಿಮಿಷಕ್ಕೆ ನಿಂತುಹೋಗುತ್ತದೆ. ಊನಾ ಕೋರ್ಡಾ, ಜಂಟಲ್‌ಮನ್ ಎರಡೂ ಪ್ಲೇಯರಿನಲ್ಲೇ ಪೂರ್ತಿ ನಡೆಯುತ್ತವೆ. ಏನೇ ಕೊಳ್ಳುವ ಮೊದಲು ಈ ಒಂದು ವಿಷಯ ನೋಡಿಕೊಳ್ಳಿ, ಇಲ್ಲದಿದ್ದರೆ ಸಾವಿರದ ಪಿಯಾನೋಗೆ ಹತ್ತಾರು ಸಾವಿರದ ಪೂರ್ತಿ ಕಾಂಟ್ಯಾಕ್ಟ್ ಕೊಳ್ಳಬೇಕಾದೀತು.

ಸ್ಯಾಂಪಲ್ಲೇ ಇಲ್ಲದ ಪಿಯಾನೋ

ಕೊಡಗಿನಲ್ಲಿ ಕೂತು ಹೇಳುವಾಗ ಪಿಯಾನೋಟೆಕ್ ಬಗ್ಗೆ ಬೇರೆಯೇ ಹೇಳಬೇಕು. ಫ್ರಾನ್ಸಿನ ಮೊಡಾರ್ಟ್ ಕಂಪನಿ 2006ರಲ್ಲಿ ತಂದದ್ದು. ಇದರಲ್ಲಿ ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿಟ್ಟ ಸ್ವರ, ಇಲ್ಲವೇ ಇಲ್ಲ. ಸುತ್ತಿಗೆ ಹೊಡೆದರೆ ತಂತಿ ಹೇಗೆ ನಡುಗುತ್ತದೆ, ಹಲಗೆ ಹೇಗೆ ಗುನುಗುತ್ತದೆ ಅನ್ನುವುದನ್ನು ಕಂಪ್ಯೂಟರ್ ಆ ಕ್ಷಣದಲ್ಲೇ ಲೆಕ್ಕ ಹಾಕುತ್ತದೆ. ಹಾಗಾಗಿ ಗಾತ್ರ ಸುಮಾರು 50 ಎಂಬಿ. ಫೋನಿನ ಹಾಟ್‌ಸ್ಪಾಟಿನಲ್ಲೇ ಇಳಿಸಬಹುದು. ಅದರ ಯು4 ಅನ್ನುವ ಮಾದರಿ ಅಪ್‌ರೈಟ್‌ದು.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಎರಡು ವರ್ಷದ ಹಿಂದೆ ಒಂದು ದೊಡ್ಡ ಪಿಯಾನೋ ಕೊಂಡಿದ್ದೆ, ಕಂಪನಿಯ ಹೆಸರು ಬೇಡ. ಅವರದೇ ಡೌನ್‌ಲೋಡರ್‌ನಿಂದಲೇ ಇಳಿಸಬೇಕು. ಮೂರು ರಾತ್ರಿ ಇಳಿಯಿತು. ನಾಲ್ಕನೇ ರಾತ್ರಿ ಮರ ಬಿದ್ದು ಕರೆಂಟ್ ಹೋಯಿತು, ಇನ್ವರ್ಟರ್ ಬೆಳಗಿನ ಜಾವಕ್ಕೆ ಕೈಕೊಟ್ಟಿತು. ಮತ್ತೆ ತೆರೆದರೆ ಸೊನ್ನೆಯಿಂದ ಶುರು! ಕೊನೆಗೆ ಹಾರ್ಡ್ ಡಿಸ್ಕ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿ ಮೈಸೂರಿನ ಅತ್ತೆ ಮನೆಗೆ ಹೋಗಿ ಇಳಿಸಿಕೊಂಡು ಬಂದೆ. "ಪಿಯಾನೋ ತರೋಕೆ ಬಂದಿದ್ದೀನಿ ಅತ್ತೆ" ಅಂದರೆ ಅವರು ನನ್ನ ಹಿಂದೆ ಲಾರಿ ಇದೆಯಾ ಅಂತ ಬಾಗಿಲಿಗೆ ಬಂದು ನೋಡಿದರು.

ಪಿಯಾನೋಟೆಕ್‌ನಲ್ಲಿ ವೆಲಾಸಿಟಿಯ ಮೆಟ್ಟಿಲು ಇರುವುದಿಲ್ಲ. ಅರ್ಧ ಪೆಡಲ್ ನಿಜವಾಗಿಯೂ ಅರ್ಧ ಪೆಡಲಿನ ಹಾಗೆ ಕೇಳುತ್ತದೆ. ಪಿಯಾನೋ ಎಷ್ಟು ಹಳತಾಗಿರಬೇಕು ಅಂತ ತಿರುಗಿಸಲು ಒಂದು ಸ್ಲೈಡರ್ ಇದೆ. ಸ್ವಲ್ಪ ಏರಿಸಿದರೆ ಸಿದ್ದಾಪುರದ ಆ ಬಂಗಲೆಯ ಪಿಯಾನೋ, ಇನ್ನೂ ಏರಿಸಿದರೆ ಗುಜರಿ. ಸ್ಟೇಜ್ ಅನ್ನುವ ಕಡಿಮೆ ಬೆಲೆಯದರಲ್ಲಿ ಸುತ್ತಿಗೆಯ ಗಡಸು, ಮೈಕ್ ಜಾಗ ಬದಲಿಸಲು ಆಗುವುದಿಲ್ಲ, ಅದಕ್ಕೆ ಸ್ಟ್ಯಾಂಡರ್ಡ್ ಬೇಕು. ಕುಂದು ಅಂದರೆ, ಬರೀ ಪಿಯಾನೋ ಇರುವ ತುಣುಕಿನಲ್ಲಿ ಮಧ್ಯದ ಸ್ವರಗಳು ಸ್ವಲ್ಪ ಗಾಜಿನಂತೆ, ತೊಳೆದಿಟ್ಟ ಹಾಗೆ ಕೇಳುತ್ತವೆ. ಮರದ ಜಿಡ್ಡು ಇಲ್ಲ. ಹಾಡಿನ ಕೆಳಗೆ ಹಾಕಿದರೆ ನನಗಂತೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಟ್ರಯಲ್ ಪುಕ್ಕಟೆ. ಕೆಲವು ಕೀ ನುಡಿಯುವುದಿಲ್ಲ, 20 ನಿಮಿಷಕ್ಕೆ ನಿಲ್ಲುತ್ತದೆ, ನಿರ್ಧಾರ ಮಾಡಲು ಅಷ್ಟು ಸಾಕು.

ಪಿಯಾನೋ ಬದಲಿಸುವ ಮೊದಲು

ಗೋಣಿಕೊಪ್ಪದ ಹುಡುಗ ಲ್ಯಾಬ್ಸ್ ಹಾಕಿಕೊಂಡ ಮರುದಿನವೇ ಮತ್ತೆ ಫೋನ್ ಮಾಡಿದ. "ಇದೂ ಕುಕ್ಕುತ್ತೆ ಅಣ್ಣಾ." ಅವನ ಮಿಡಿ ಫೈಲ್ ಕಳಿಸು ಅಂದೆ. ತೆರೆದು ನೋಡಿದರೆ ಎಲ್ಲ ಸ್ವರಗಳ ವೆಲಾಸಿಟಿಯೂ 95ರಿಂದ 115ರ ಒಳಗೆ. ಅವನದು ಹಗುರ ಕೀಗಳ 49 ಕೀ ಕೀಬೋರ್ಡ್. ಅಂಥ ಕೀ ಎಷ್ಟು ಮೆಲ್ಲಗೆ ಒತ್ತಿದರೂ ಜೋರು ಅಂತಲೇ ಹೇಳುತ್ತದೆ. ಅಪ್‌ರೈಟ್‌ನ ಸೊಗಸು ಇರುವುದು 30ರಿಂದ 75ರ ನಡುವೆ. ಅವನ ಬೆರಳು ಆ ಕೋಣೆಗೆ ಕಾಲೇ ಇಟ್ಟಿರಲಿಲ್ಲ. ಕೀಬೋರ್ಡಿನ ವೆಲಾಸಿಟಿ ಕರ್ವ್ (ಎಷ್ಟು ಒತ್ತಿದರೆ ಎಷ್ಟು ವೆಲಾಸಿಟಿ ಅನ್ನುವ ಸೆಟ್ಟಿಂಗ್) ಬದಲಿಸಿ, ಇದ್ದ ಸ್ವರಗಳ ವೆಲಾಸಿಟಿಯನ್ನೆಲ್ಲ 35 ಇಳಿಸಿ ಕೇಳು ಅಂದೆ. ಆಮೇಲೆ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ.

ಒತ್ತಿದ ಮೇಲೆ ದನಿ ತಡವಾಗಿ ಬರುವುದು ಇನ್ನೊಂದು ಕಾಟ. ವಿಂಡೋಸ್ ಆದರೆ ಈ ತಡ ಇಳಿಸುವ ಆಸಿಯೋ ಡ್ರೈವರ್ ಹಾಕಿ, ನುಡಿಸುವಾಗ ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ತಯಾರಿಸುವ ದನಿಯ ತುಂಡು, 128 ಇಡಿ. 44.1 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 3 ಮಿಲಿಸೆಕೆಂಡ್ ಮಾತ್ರ. ಪಟಪಟ ಅಂತ ಒಡೆದರೆ 256. ಸ್ಯಾಂಪಲ್ ಪಿಯಾನೋಗಳನ್ನು ಎಸ್‌ಎಸ್‌ಡಿಯಲ್ಲಿ ಇಡಿ. ತಿರುಗುವ ಹಳೆ ಡಿಸ್ಕ್‌ನಲ್ಲಿ ಪೆಡಲ್ ಒತ್ತಿ ಹತ್ತು ಬೆರಳು ಹಾಕಿದರೆ ಸ್ವರ ಬಿಟ್ಟುಹೋಗುತ್ತದೆ. 8 ಜಿಬಿ ರಾಮ್ ಇದ್ದರೆ ಒಂದು ಅಪ್‌ರೈಟ್‌ಗೆ ಧಾರಾಳ.

ದುಡ್ಡಿನ ವಿಷಯಕ್ಕೆ ಬಂದರೆ, ನವೆಂಬರ್ ಕೊನೆಯ ಸೇಲ್ ತನಕ ಕಾಯಿರಿ, ಈ ಪ್ಲಗಿನ್‌ಗಳಲ್ಲಿ ಬಹಳಷ್ಟು ಅರ್ಧ ಬೆಲೆಗೆ ಇಳಿಯುತ್ತವೆ. ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿಸಿಕೊಂಡಿರಿ. ಅಲ್ಲಿಯವರೆಗೆ ಲ್ಯಾಬ್ಸ್ ಮತ್ತು ಪಿಯಾನೋಬುಕ್‌ನ ಒಂದೆರಡು. ಆಗ ನಿಮಗೆ ಏನು ಸಾಲುತ್ತಿಲ್ಲ ಅಂತ ಸರಿಯಾಗಿ ತಿಳಿದಿರುತ್ತದೆ. ಪೆಟ್ಟು ಸಾಲದಿದ್ದರೆ ಮಾಡರ್ನ್ ಅಪ್‌ರೈಟ್. ಬಣ್ಣ ಸಾಲದಿದ್ದರೆ ಜಂಟಲ್‌ಮನ್ ಇಲ್ಲವೇ ಊನಾ ಕೋರ್ಡಾ. ನೆಟ್ ಸಾಲದಿದ್ದರೆ ಪಿಯಾನೋಟೆಕ್. ನನಗೆ ಒಂದೇ ಇಟ್ಟುಕೋ ಅಂದರೆ ನಾನು ಪಿಯಾನೋಟೆಕ್ ಇಟ್ಟುಕೊಳ್ಳುತ್ತೇನೆ. ಬಯಲುಸೀಮೆಯಲ್ಲಿ ಮನೆ ಇದ್ದಿದ್ದರೆ ಬೇರೆ ಹೇಳುತ್ತಿದ್ದೆನೋ ಏನೋ.

ಹುಡುಗನ ಹಾಡು ಮುಗಿಯಿತು, ಲ್ಯಾಬ್ಸ್‌ನಲ್ಲೇ. ಕಳಿಸುವ ಮುಂಚೆ ಅವನಿಗೆ ಇನ್ನೊಂದು ಕೆಲಸ ಹೇಳಿದೆ. ಪಿಯಾನೋ ಟ್ರ್ಯಾಕನ್ನು ವೇವ್ ಫೈಲ್ ಮಾಡಿ ಅದೇ ಫೋಲ್ಡರಿನಲ್ಲಿ ಇಟ್ಟುಬಿಡು ಅಂತ. ಎರಡು ವರ್ಷ ಕಳೆದು ಮದುವೆ ಮನೆಯವರು ವಿಡಿಯೋ ಇನ್ನೊಮ್ಮೆ ಬೇಕು ಅಂದಾಗ ಲ್ಯಾಪ್‌ಟಾಪ್ ಬದಲಾಗಿರುತ್ತದೆ, ಪ್ಲಗಿನ್ ತೆರೆಯುವುದಿಲ್ಲ. "ಮಿಡಿನೂ ಇಡ್ಲಾ?" ಅಂದ. ಎರಡೂ ಇಡು ಅಂದೆ.